ಮಾತು ಕಡಿಮೆಯಿರಲಿ, ಕನ್ನಡದಲ್ಲಿರಲಿ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಜನರಿಗೆ ವಿಮಾನ ಎಂದರೆ ಮೊದಲು ನೆನಪಾಗುವುದು ಬೆಳಗಾವಿಯ ಸಾಂಬ್ರಾ. 1942ರಲ್ಲಿ ಬ್ರಿಟಿಷರ ವಾಯುಪಡೆ ಕಟ್ಟಿಸಿದ ನಿಲ್ದಾಣ ಅದು. ಇವತ್ತಿಗೂ ಪಕ್ಕದಲ್ಲೇ ಭಾರತೀಯ ವಾಯುಪಡೆಯ ತರಬೇತಿ ಶಾಲೆ ಇದೆ. ಬಹಳ ವರ್ಷ ಅಲ್ಲಿಂದ ಹಾರುತ್ತಿದ್ದವರು ಉದ್ಯಮಿಗಳು, ಅಧಿಕಾರಿಗಳು, ರಾಜಕಾರಣಿಗಳು ಮಾತ್ರ. 2017ರ ಸೆಪ್ಟೆಂಬರ್‌ನಲ್ಲಿ ಹೊಸ ಟರ್ಮಿನಲ್ ಬಂತು, 2019ರಲ್ಲಿ ಟಿಕೆಟ್ ದರಕ್ಕೆ ಮಿತಿ ಹಾಕುವ ಕೇಂದ್ರದ ಉಡಾನ್ ಯೋಜನೆಯ ಮೂರನೇ ಸುತ್ತಿನಲ್ಲಿ ಬೆಳಗಾವಿಯ ಹೆಸರೂ ಸೇರಿತು. ಆಮೇಲೆ ಹತ್ತುವವರ ಚಹರೆ ಬದಲಾಯಿತು. ಬೆಂಗಳೂರಿನಲ್ಲಿ ನೌಕರಿ ಮಾಡುವ ಮಗನ ಮನೆಗೆ ಹೊರಟ ತಾಯಿ, ದೊಡ್ಡಾಸ್ಪತ್ರೆಗೆ ಹೊರಟ ರೋಗಿ, ರಜೆ ಮುಗಿಸಿ ಹೊರಟ ಸೈನಿಕ, ಕರದಂಟಿನ ವ್ಯಾಪಾರಿ, ಸಕ್ಕರೆ ಕಾರ್ಖಾನೆಯ ನೌಕರ, ಕಬ್ಬಿನ ಬಿಲ್ಲು ಬಂದ ವರ್ಷ ಮನೆಮಂದಿಯನ್ನೆಲ್ಲ ಕರೆದುಕೊಂಡು ಯಾತ್ರೆಗೆ ಹೊರಟ ರೈತ, ಎಲ್ಲರೂ ಈಗ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇವರಲ್ಲಿ ಎಷ್ಟೋ ಮಂದಿಗೆ ಅದು ಜೀವನದ ಮೊದಲ ವಿಮಾನ. ಬೆಂಗಳೂರಿಗೆ ಒಂದು ತಾಸು, ಹೆಚ್ಚೆಂದರೆ ಒಂದೂವರೆ ತಾಸಿನ ಹಾರಾಟ. ಆ ಅಷ್ಟು ಹೊತ್ತಿನಲ್ಲಿ ಅವರ ಕಿವಿಗೆ ಬೀಳುವ ಮಾತೆಷ್ಟು, ಅದರಲ್ಲಿ ಅವರ ಜೀವಕ್ಕೆ ಬೇಕಾದದ್ದೆಷ್ಟು, ಅರ್ಥವಾಗುವುದೆಷ್ಟು ಎಂಬುದನ್ನು ನಾವು ಗಂಭೀರವಾಗಿ ಕೇಳಿಕೊಂಡಿಲ್ಲ.

ನಮ್ಮ ದೇಶದೊಳಗಿನ ಒಂದು ಸಾಮಾನ್ಯ ಹಾರಾಟದ ಮಾತುಗಳನ್ನು ಕ್ರಮವಾಗಿ ನೋಡೋಣ. ಹತ್ತುತ್ತಿದ್ದಂತೆ ಸ್ವಾಗತ. ಕೈಚೀಲ ಎಲ್ಲಿಡಬೇಕು ಎಂಬ ಸೂಚನೆ. ಮೊಬೈಲನ್ನು ಫ್ಲೈಟ್ ಮೋಡ್‌ಗೆ ಹಾಕಿ ಎಂಬ ಮನವಿ. ಬಾಗಿಲು ಮುಚ್ಚಿದ ಮೇಲೆ ಪೈಲಟ್‌ನ ಹೆಸರು, ಸಿಬ್ಬಂದಿಯ ಹೆಸರು, ಹಾರಾಟದ ಅವಧಿ. ಆಮೇಲೆ ಸುರಕ್ಷತಾ ಪ್ರಾತ್ಯಕ್ಷಿಕೆ. ವಿಮಾನ ಮೇಲೇರಿ ಬೆಲ್ಟಿನ ದೀಪ ಆರಿದ ತಕ್ಷಣ ತಿಂಡಿ-ಪಾನೀಯದ ಮಾರಾಟ: ಯಾವ ಸ್ಯಾಂಡ್‌ವಿಚ್, ಯಾವ ಕಾಂಬೊ, ಹೇಗೆ ಹಣ ಕೊಡಬಹುದು. ಕೆಲವು ಕಂಪನಿಗಳಲ್ಲಿ ಕ್ರೆಡಿಟ್ ಕಾರ್ಡ್, ಸದಸ್ಯತ್ವದ ಪಾಯಿಂಟುಗಳ ಪ್ರಚಾರ. ಗಾಳಿ ಕುಲುಕಿದರೆ ಬೆಲ್ಟ್ ಹಾಕಿ ಎಂಬ ಎಚ್ಚರಿಕೆ. ಇಳಿಯುವ ಮುನ್ನ ಕುರ್ಚಿ ನೆಟ್ಟಗೆ ಮಾಡಿ, ಕಿಟಕಿಯ ಪರದೆ ತೆರೆಯಿರಿ. ಇಳಿದ ಮೇಲೆ ಹೊರಗಿನ ತಾಪಮಾನ, ಕೂತೇ ಇರಿ ಎಂಬ ಕೋರಿಕೆ, ಮೇಲಿನ ಸಾಮಾನು ಜಾರೀತು ಎಂಬ ಎಚ್ಚರಿಕೆ, ನಮ್ಮ ಕಂಪನಿಯನ್ನೇ ಆಯ್ಕೆ ಮಾಡಿದ್ದಕ್ಕೆ ಧನ್ಯವಾದ. ಇವುಗಳಲ್ಲಿ ಹೆಚ್ಚಿನವನ್ನು ಒಮ್ಮೆ ಹಿಂದಿಯಲ್ಲಿ, ಮತ್ತೊಮ್ಮೆ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಎಲ್ಲವೂ ಒಂದೇ ಸ್ಪೀಕರಿನಿಂದ, ಒಂದೇ ಧಾಟಿಯಲ್ಲಿ, ಒಂದೇ ವೇಗದಲ್ಲಿ ಬರುತ್ತವೆ. ಜೀವ ಉಳಿಸುವ ಮಾತಿಗೂ ಕಾಂಬೊ ಮಾರುವ ಮಾತಿಗೂ ಕೇಳುವವನ ಕಿವಿಗೆ ವ್ಯತ್ಯಾಸ ತಿಳಿಯುವ ಯಾವ ಗುರುತೂ ಇರುವುದಿಲ್ಲ.

ಇಷ್ಟೊಂದು ಮಾತು ಒಂದೇ ದಿನ ಬಂದು ಕೂತದ್ದಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮ ಕೇಳುವುದು ಬಹಳ ಸ್ವಲ್ಪ: ಸೀಟ್ ಬೆಲ್ಟ್, ತುರ್ತು ದ್ವಾರ, ಬೇಕಾದ ವಿಮಾನಗಳಲ್ಲಿ ಲೈಫ್ ಜಾಕೆಟ್ ಮತ್ತು ಆಮ್ಲಜನಕದ ಮುಖವಾಡ, ಉಳಿದ ತುರ್ತು ಸಲಕರಣೆ ಎಲ್ಲಿವೆ, ಹೇಗೆ ಬಳಸಬೇಕು ಎಂಬುದು ಪ್ರಯಾಣಿಕನಿಗೆ ಗೊತ್ತಾಗಿರಬೇಕು. ಆ ತಿರುಳಿನ ಸುತ್ತ ಪದರಗಳು ಬೆಳೆದವು. ಕನ್ನಡಿಗರೇ ಆದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ ಅಗ್ಗದ ವಿಮಾನವನ್ನು ದೇಶಕ್ಕೆ ಪರಿಚಯಿಸಿದರು. ಟಿಕೆಟ್ ಅಗ್ಗವಾಯಿತು, ಪುಕ್ಕಟೆ ಊಟ ಹೋಯಿತು, ತಿಂಡಿ ಮಾರುವ ಪದ್ಧತಿ ಬಂತು. ಮಾರಾಟ ಬಂದ ಮೇಲೆ ಮೈಕಿನಲ್ಲಿ ಅದರ ಪ್ರಚಾರವೂ ಬಂತು. ವಿಮಾನಗಳನ್ನು ಸಾಮಾನ್ಯರ ಕೈಗೆಟುಕಿಸಿದ ಅವರ ಕೆಲಸ ದೊಡ್ಡದು, ಆ ಮಾದರಿಯ ಅಡ್ಡಪರಿಣಾಮ ಮಾತ್ರ ನಮ್ಮ ಕಿವಿಗೆ ಬಿತ್ತು. 2019ರ ಮಾರ್ಚ್‌ನಲ್ಲಿ, ಆಗಿನ್ನೂ ಸರ್ಕಾರದ ಕೈಯಲ್ಲಿದ್ದ ಏರ್ ಇಂಡಿಯಾ, ಪ್ರತಿ ಘೋಷಣೆಯ ಕೊನೆಗೆ ‘ಜೈ ಹಿಂದ್’ ಹೇಳಬೇಕೆಂದು ಸಿಬ್ಬಂದಿಗೆ ಸೂಚನೆ ಹೊರಡಿಸಿತು. ಒಂದೊಂದು ಸೇರ್ಪಡೆಗೂ ಅದರದೇ ಸದುದ್ದೇಶ ಇರುತ್ತದೆ, ಅದನ್ನು ಸೇರಿಸಿದ ಒಂದು ವಿಭಾಗ ಇರುತ್ತದೆ. ಸೇರಿಸುವವರು ಅನೇಕರು, ತೆಗೆಯುವ ಹೊಣೆ ಯಾರಿಗೂ ಇಲ್ಲ.

ಹೆಚ್ಚು ಹೇಳಿದರೆ ನಷ್ಟವೇನು, ಬೇಡದವರು ಕೇಳದಿದ್ದರಾಯಿತು ಎನ್ನಬಹುದು. ನಷ್ಟ ಇರುವುದು ಅಲ್ಲಿಯೇ. ಕೇಳದಿರುವುದನ್ನು ಕಿವಿ ಬೇಗ ಕಲಿಯುತ್ತದೆ. ಒಮ್ಮೆ ಕಲಿತ ಮೇಲೆ ಬೇಕಾದ್ದು, ಬೇಡವಾದ್ದು ಎಂದು ವಿಂಗಡಿಸಿ ಕೇಳುವುದಿಲ್ಲ. 2009ರ ಜನವರಿ 15ರಂದು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಇಳಿದ ವಿಮಾನದ ಕಥೆ ಎಲ್ಲರಿಗೂ ಗೊತ್ತು, 155 ಜನರೂ ಉಳಿದರು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿದಾಗ ಸುಮಾರು ಶೇ 70ರಷ್ಟು ಪ್ರಯಾಣಿಕರು ಹೊರಡುವ ಮುನ್ನ ಸುರಕ್ಷತಾ ಪ್ರಾತ್ಯಕ್ಷಿಕೆಯತ್ತ ನೋಡಿಯೇ ಇರಲಿಲ್ಲ ಎಂದು ತಿಳಿದುಬಂತು. ಸೀಟಿನ ಕೆಳಗಿದ್ದ ಲೈಫ್ ಜಾಕೆಟ್ ತೆಗೆದುಕೊಂಡು ಹೊರಬಂದವರು ಬೆರಳೆಣಿಕೆಯಷ್ಟು. ಅವರು ಅಜ್ಞಾನಿಗಳಲ್ಲ, ಮೇಲಿಂದ ಮೇಲೆ ವಿಮಾನದಲ್ಲಿ ಓಡಾಡುವವರೇ ಅವರಲ್ಲಿ ಬಹಳ ಮಂದಿ ಇದ್ದರು. 2018ರ ಏಪ್ರಿಲ್‌ನಲ್ಲಿ ಸೌತ್‌ವೆಸ್ಟ್ ಕಂಪನಿಯ ವಿಮಾನವೊಂದರ ಎಂಜಿನ್ ಆಕಾಶದಲ್ಲೇ ಸಿಡಿದು ಆಮ್ಲಜನಕದ ಮುಖವಾಡಗಳು ಜೋತುಬಿದ್ದವು. ಆಗ ತೆಗೆದ ಚಿತ್ರಗಳಲ್ಲಿ ಅನೇಕರು ಅದನ್ನು ಬಾಯಿಗೆ ಮಾತ್ರ ಹಿಡಿದಿದ್ದಾರೆ, ಮೂಗು ಹೊರಗಿದೆ. ‘ಮೂಗು ಮತ್ತು ಬಾಯಿ ಎರಡನ್ನೂ ಮುಚ್ಚಿ’ ಎಂಬ ಮಾತನ್ನು ಪ್ರತಿ ಹಾರಾಟದಲ್ಲೂ ಕೇಳಿಸಿಕೊಂಡಿರಬೇಕಾದವರು ಅವರು.

ಇದಕ್ಕಿಂತ ಘೋರವಾದದ್ದು 1996ರ ನವೆಂಬರ್ 23ರ ದುರಂತ. ಅಪಹರಣಕ್ಕೊಳಗಾದ ಇಥಿಯೋಪಿಯನ್ ಏರ್‌ಲೈನ್ಸ್ ವಿಮಾನ ಇಂಧನ ಮುಗಿದು ಕೊಮೊರೊ ದ್ವೀಪದ ತೀರದ ಬಳಿ ಸಮುದ್ರಕ್ಕೆ ಬಿತ್ತು. 175 ಜನರಲ್ಲಿ 125 ಮಂದಿ ಸತ್ತರು. ಸತ್ತವರಲ್ಲಿ ಹಲವರು ಅಪ್ಪಳಿಕೆಯಿಂದ ಪಾರಾದವರು. ಲೈಫ್ ಜಾಕೆಟನ್ನು ವಿಮಾನದ ಒಳಗೇ ಉಬ್ಬಿಸಿಕೊಂಡಿದ್ದರಿಂದ, ನೀರು ಒಳನುಗ್ಗಿದಾಗ ತೇಲಿ ಛಾವಣಿಗೆ ಒತ್ತಿಕೊಂಡರು, ಕೆಳಗೆ ಮುಳುಗಿ ದ್ವಾರದತ್ತ ಹೋಗಲಾಗಲಿಲ್ಲ. ‘ಹೊರಗೆ ಬಂದ ಮೇಲೆಯೇ ಉಬ್ಬಿಸಿ’ ಎಂಬ ಮೂರು ನಾಲ್ಕು ಪದದ ವಾಕ್ಯ ತಲೆಯಲ್ಲಿ ಉಳಿದಿದ್ದರೆ ಅವರಲ್ಲಿ ಕೆಲವರಾದರೂ ಬದುಕುತ್ತಿದ್ದರು. ಹತ್ತಿಪ್ಪತ್ತು ಮಾತಿನ ನಡುವೆ ತೇಲಿಹೋಗುವ ಆ ಒಂದು ವಾಕ್ಯಕ್ಕಾಗಿಯೇ ಈ ಲೇಖನ.

ನಮ್ಮ ಕಡೆ ಒಂದು ಮಾತಿದೆ: ಮ್ಯಾಲಿಂದ ಬಿದ್ದ ಮ್ಯಾಲೆ ಉಳಿಯೋದುಂಟೇನು, ಬೆಲ್ಟ್ ಹಾಕಿದರೇನು ಬಿಟ್ಟರೇನು? ಇದು ಬರೀ ಹಣೆಬರಹದ ಮಾತು, ಲೆಕ್ಕದ ಮಾತಲ್ಲ. 1983ರಿಂದ 2000ದವರೆಗೆ ಅಮೆರಿಕದಲ್ಲಿ ಆದ ಪ್ರಯಾಣಿಕ ವಿಮಾನ ಅಪಘಾತಗಳನ್ನು ಅಲ್ಲಿನ ಸುರಕ್ಷತಾ ಮಂಡಳಿ ಒಟ್ಟುಗೂಡಿಸಿ ನೋಡಿದಾಗ ಅವುಗಳಲ್ಲಿದ್ದವರ ಪೈಕಿ ಶೇ 95ಕ್ಕೂ ಹೆಚ್ಚು ಜನ ಬದುಕುಳಿದಿದ್ದರು. 2020ರ ಆಗಸ್ಟ್ 7ರಂದು ಕೋಯಿಕ್ಕೋಡಿನಲ್ಲಿ ರನ್‌ವೇ ದಾಟಿ ಕಂದಕಕ್ಕೆ ಉರುಳಿ ತುಂಡಾದ ವಿಮಾನದಲ್ಲಿ 190 ಜನರಿದ್ದರು, 21 ಮಂದಿ ಸತ್ತರು, ಉಳಿದವರು ಬದುಕಿದರು. 2010ರ ಮೇ 22ರಂದು ಮಂಗಳೂರಿನಲ್ಲಿ ಇದೇ ಬಗೆಯ ಅಪಘಾತದಲ್ಲಿ 158 ಜೀವ ಹೋದವು. ಆ ನರಕದಿಂದಲೂ ಎಂಟು ಮಂದಿ ಎದ್ದು ಬಂದರು. ಮೊದಲ ಒಂದೆರಡು ನಿಮಿಷ ಪ್ರಯಾಣಿಕ ಏನು ಮಾಡುತ್ತಾನೆ ಎಂಬುದು ಎಷ್ಟೋ ಅಪಘಾತಗಳಲ್ಲಿ ನಿರ್ಣಾಯಕ. 44ಕ್ಕಿಂತ ಹೆಚ್ಚು ಸೀಟಿರುವ ಯಾವ ವಿಮಾನಕ್ಕೂ, ಅರ್ಧದಷ್ಟು ದ್ವಾರಗಳು ಮುಚ್ಚಿದ್ದರೂ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರಬಹುದು ಎಂದು ತೋರಿಸದೆ ಪರವಾನಗಿ ಸಿಗುವುದಿಲ್ಲ. ಆ 90 ಸೆಕೆಂಡಿನಲ್ಲಿ ಮೈಕ್ ಕೆಲಸ ಮಾಡುತ್ತದೆ ಎಂಬ ಭರವಸೆಯೂ ಇಲ್ಲ. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಹೊತ್ತಿ ಉರಿದ ಜಪಾನ್ ಏರ್‌ಲೈನ್ಸ್ ವಿಮಾನದ ಧ್ವನಿವರ್ಧಕ ಕೆಟ್ಟುಹೋಗಿತ್ತು, ಸಿಬ್ಬಂದಿ ಮೆಗಾಫೋನಿನಲ್ಲೂ ಬರೀ ಗಂಟಲಿನಲ್ಲೂ ಕೂಗಿ 379 ಜನರನ್ನೂ ಹೊರಗೆ ತಂದರು. ಬೆಂಕಿ ಬಿದ್ದಾಗ ಉಪಯೋಗಕ್ಕೆ ಬರುವುದು ಮೊದಲೇ ತಲೆಗೆ ಹೋಗಿ ಕೂತ ನಾಲ್ಕು ಮಾತು.

ಅತಿಮಾತು ಅಪಾಯ ಎಂಬುದನ್ನು ವಿಮಾನಯಾನ ಜಗತ್ತು ತನ್ನ ವಿಷಯದಲ್ಲಿ ಎಂದೋ ಒಪ್ಪಿಕೊಂಡಿದೆ. 1974ರ ಸೆಪ್ಟೆಂಬರ್ 11ರಂದು ಅಮೆರಿಕದ ಷಾರ್ಲಟ್ ಬಳಿ ಈಸ್ಟರ್ನ್ ಏರ್‌ಲೈನ್ಸ್ ವಿಮಾನ ಮಂಜಿನಲ್ಲಿ ನೆಲಕ್ಕಪ್ಪಳಿಸಿ 72 ಜನ ಸತ್ತರು. ಇಳಿಯುವ ಹೊತ್ತಿನಲ್ಲಿ ಪೈಲಟ್‌ಗಳು ರಾಜಕೀಯ, ಹಳೆಯ ಕಾರು ಅಂತ ಹರಟುತ್ತಿದ್ದದ್ದು ಧ್ವನಿಮುದ್ರಣದಲ್ಲಿ ಸಿಕ್ಕಿತು. ಅದರ ಪಾಠವಾಗಿ 1981ರಲ್ಲಿ ಅಲ್ಲಿ ನಿಯಮ ಬಂತು: ಹತ್ತು ಸಾವಿರ ಅಡಿಗಿಂತ ಕೆಳಗೆ ಕಾಕ್‌ಪಿಟ್‌ನಲ್ಲಿ ಹಾರಾಟಕ್ಕೆ ಸಂಬಂಧಪಡದ ಒಂದು ಮಾತೂ ಕೂಡದು. ಇವತ್ತು ಅದು ಜಗತ್ತಿನೆಲ್ಲೆಡೆಯ ಶಿಸ್ತು. ಗಗನಸಖಿಯರಿಗೂ ಇಂಥದ್ದೇ ಅಭ್ಯಾಸ ಕಲಿಸುತ್ತಾರೆ. ಏರುವಾಗ, ಇಳಿಯುವಾಗ ಮಡಚುವ ಸೀಟಿನಲ್ಲಿ ಬೆಲ್ಟ್ ಬಿಗಿದು ಕೂತ ಅವರು ಸುಮ್ಮನೆ ಕಣ್ಣು ಹಾಯಿಸುತ್ತಿರುವಂತೆ ಕಾಣುತ್ತಾರೆ. ಆಗ ಮನಸ್ಸಿನೊಳಗೆ ಒಂದೊಂದನ್ನೇ ಲೆಕ್ಕ ಹಾಕುತ್ತಿರುತ್ತಾರೆ: ಬೆಂಕಿ ಬಿದ್ದರೆ ಯಾವ ಬಾಗಿಲು, ಹೇಗೆ ತೆರೆಯುವುದು, ಯಾವ ಪ್ರಯಾಣಿಕನಿಗೆ ನೆರವು ಬೇಕು, ಏನೆಂದು ಕೂಗಬೇಕು. ಮೌನದ ಬೆಲೆ ಅವರಿಗೆ ಚೆನ್ನಾಗಿ ಗೊತ್ತು. ಪ್ರಯಾಣಿಕನ ಗಮನಕ್ಕೂ ಅಷ್ಟೇ ಬೆಲೆ ಇದೆ ಎಂಬ ತರ್ಕವನ್ನು ಕ್ಯಾಬಿನ್ನಿಗೆ ವಿಸ್ತರಿಸುವುದೊಂದೇ ಬಾಕಿ. ಇನ್ನೊಂದು ಮಾತು. ಐವತ್ತು ಸೀಟಿನ ಎಂಬ್ರಾಯರ್‌ನಂಥ ಸಣ್ಣ ವಿಮಾನದಲ್ಲಿ ನಿಯಮದ ಪ್ರಕಾರ ಒಬ್ಬರೇ ಸಿಬ್ಬಂದಿ ಸಾಕು. ಆ ಒಬ್ಬರು ಮೈಕ್ ಹಿಡಿದು ನಿಂತಷ್ಟು ಹೊತ್ತು, ಬೆವರುತ್ತಿರುವ ಮುದುಕರನ್ನೋ ಬೆಲ್ಟ್ ಹಾಕಲು ಬಾರದೆ ಒದ್ದಾಡುವ ತಾಯಿಯನ್ನೋ ನೋಡುವವರಿಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿಯ ಪ್ರಯಾಣಿಕನ ಪಾಲಿಗೆ ಈ ಸಮಸ್ಯೆ ಇಮ್ಮಡಿಯಾಗುವುದು ಭಾಷೆಯಿಂದ. ಅಷ್ಟೆಲ್ಲ ಮಾತಿನಲ್ಲಿ ಅವನ ಭಾಷೆಯದು ಬಹುತೇಕ ಇರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಪೈಲಟ್ ಒಬ್ಬರು ಕನ್ನಡದಲ್ಲಿ ನಾಲ್ಕು ಮಾತಾಡಿದ ವಿಡಿಯೊ ಮೊಬೈಲಿನಲ್ಲಿ ಹರಿದಾಡುತ್ತದೆ, ನಾವು ಸಂತೋಷಪಡುತ್ತೇವೆ. ಅದು ಸುದ್ದಿಯಾಗುತ್ತದೆ ಎಂಬುದೇ ಅದೆಷ್ಟು ಅಪರೂಪ ಎಂದು ತೋರಿಸುತ್ತದೆ. ಹವಾಯಿ ಚಪ್ಪಲಿ ಹಾಕಿದವರೂ ವಿಮಾನ ಹತ್ತಬೇಕು ಎಂದು ಹೇಳಿ 2017ರ ಏಪ್ರಿಲ್‌ನಲ್ಲಿ ಉಡಾನ್ ಹಾರಾಟ ಶುರು ಮಾಡಿದ ಸರ್ಕಾರ, ಅವರ ಟಿಕೆಟಿನ ದರಕ್ಕೆ ಮಿತಿ ಹಾಕಿತು, ಕಂಪನಿಗಳಿಗೆ ನಷ್ಟ ತುಂಬಿಕೊಟ್ಟಿತು. ಅವರನ್ನು ಹತ್ತಿಸಿಕೊಂಡ ಮೇಲೆ ಅವರಿಗೆ ತಿಳಿಯುವಂತೆ ಮಾತಾಡುವ ಷರತ್ತನ್ನು ಮಾತ್ರ ಹಾಕಲಿಲ್ಲ. 2018ರ ಡಿಸೆಂಬರ್‌ನಲ್ಲಿ ವಿಮಾನ ನಿಲ್ದಾಣಗಳಲ್ಲಿ ಮೊದಲು ಸ್ಥಳೀಯ ಭಾಷೆ, ಆಮೇಲೆ ಹಿಂದಿ, ಇಂಗ್ಲಿಷ್ ಎಂಬ ಸೂಚನೆ ಕೇಂದ್ರದಿಂದ ಬಂತು. ಅದು ಕಟ್ಟಡದೊಳಗಿನ ಘೋಷಣೆಗಳಿಗೆ ಸಂಬಂಧಿಸಿದ್ದು. ಜೀವದ ಪ್ರಶ್ನೆ ಏಳುವ ಜಾಗ ಕಟ್ಟಡದ ಆಚೆ, ಬಾಗಿಲು ಮುಚ್ಚಿದ ವಿಮಾನದೊಳಗೆ. ಸ್ಥಳೀಯ ಭಾಷೆಯಲ್ಲಿ ಹೇಳುವುದನ್ನು ನಮ್ಮ ರೈಲ್ವೆ ಬಹಳ ಹಿಂದೆಯೇ ಮಾಡಿದೆ. ಲೋಂಡಾ-ಮೀರಜ್ ಮಾರ್ಗದ ಘಟಪ್ರಭಾದಲ್ಲಿ ಗಾಡಿ ಬರುವ ಸುದ್ದಿ ಕನ್ನಡದಲ್ಲೂ ಕೇಳುತ್ತದೆ. ಗೋಕಾಕದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಮೈಕಿನಲ್ಲಿ ಬಸ್ಸು ಯಾವ ಊರಿಗೆ, ಯಾವ ಪ್ಲಾಟ್‌ಫಾರ್ಮಿಗೆ ಎಂದಷ್ಟೇ ಹೇಳುತ್ತಾರೆ. ಅಷ್ಟಕ್ಕೇ ಗಂಟು ಮೂಟೆ ಎತ್ತಿಕೊಂಡು ಜನ ಏಳುತ್ತಾರೆ. ಅಲ್ಲಿ ಮಾತಿಗೆ ಕೆಲಸವಿದೆ, ಆದ್ದರಿಂದ ಕಿವಿ ತೆರೆದಿರುತ್ತದೆ.

ಭಾಷೆ ತಿಳಿಯದಿದ್ದರೆ ಆಗುವುದೇನು ಎಂಬುದಕ್ಕೆ ಸಣ್ಣ ವಿಮಾನದ ರಚನೆಯನ್ನೇ ನೋಡಿ. ಬೆಳಗಾವಿಯಂಥ ಊರುಗಳಿಗೆ ಬರುವ ಎಟಿಆರ್ ವಿಮಾನದಲ್ಲಿ ಜನ ಹತ್ತುವುದು ಹಿಂಬದಿಯ ಬಾಗಿಲಿನಿಂದ. ತುರ್ತು ದ್ವಾರಗಳು ಮುಂಭಾಗದಲ್ಲೂ ಇವೆ, ಎಡಕ್ಕೊಂದು ಬಲಕ್ಕೊಂದು. ಗಾಬರಿಯಾದಾಗ ಮನುಷ್ಯ ತಾನು ಒಳಬಂದ ಬಾಗಿಲಿನತ್ತಲೇ ನುಗ್ಗುತ್ತಾನೆ ಎಂಬುದು ತೆರವು ಕಾರ್ಯಾಚರಣೆಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಮೂರನೇ ಸಾಲಿನಲ್ಲಿ ಕೂತವನಿಗೆ ಹತ್ತಿರದ ದ್ವಾರ ತನ್ನ ಮುಂದೆಯೇ ಇದೆ ಎಂದು ಮೊದಲೇ ಗೊತ್ತಿರದಿದ್ದರೆ ಅವನು ಇಡೀ ವಿಮಾನ ದಾಟಿ ಹಿಂದೆ ಓಡುತ್ತಾನೆ. ಬೆಲ್ಟಿನದೂ ಹಾಗೆಯೇ. ಕಾರಿನ ಬೆಲ್ಟಿಗೆ ಒತ್ತುವ ಗುಂಡಿ ಇರುತ್ತದೆ, ವಿಮಾನದ ಬೆಲ್ಟಿಗೆ ಮೇಲೆತ್ತುವ ಲೋಹದ ಪಟ್ಟಿ. ಹೊಗೆ ತುಂಬಿದ ಕತ್ತಲಲ್ಲಿ ಕೈ ಹುಡುಕುವುದು ಅಭ್ಯಾಸವಾದ ಗುಂಡಿಯನ್ನೇ. ಇಂಥವನ್ನು ಹಿಂದಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಸರಸರ ಹೇಳಿ ಮುಗಿಸಿದರೆ, ಎರಡೂ ಬಾರದ ಪ್ರಯಾಣಿಕ ಎದುರಿಗೆ ಆಡುವ ಕೈಗಳನ್ನು ನೋಡಿ ಊಹಿಸಿಕೊಳ್ಳಬೇಕು. ಜಾಕೆಟಿನ ದಾರ ಎಳೆಯುವುದನ್ನು ಕೈಸನ್ನೆ ತೋರಿಸೀತು, ‘ಒಳಗೆ ಎಳೆಯಬೇಡಿ’ ಎಂಬುದನ್ನು ತೋರಿಸುವುದು ಕಷ್ಟ.

ಇಲ್ಲೊಂದು ವಿರೋಧ ಸಹಜವಾಗಿ ಏಳುತ್ತದೆ. ಮಾತು ಕಡಿಮೆ ಮಾಡಿ ಎನ್ನುತ್ತೀರಿ, ಮತ್ತೆ ಮೂರನೆಯ ಭಾಷೆಯನ್ನೂ ಸೇರಿಸಿ ಎನ್ನುತ್ತೀರಿ, ಎರಡೂ ಹೇಗೆ ಸಾಧ್ಯ? ಸಾಧ್ಯ, ಏಕೆಂದರೆ ಉಳಿಸಿಕೊಳ್ಳಬೇಕಾದ ಮಾತು ಬಹಳ ಚಿಕ್ಕದು. ‘ಬೆಲ್ಟ್ ಹೀಗೆ ಹಾಕಿ, ಪಟ್ಟಿ ಮೇಲೆತ್ತಿ ಬಿಚ್ಚಿ. ತುರ್ತು ಬಾಗಿಲು ಮುಂದೆಯೂ ಇವೆ, ಹಿಂದೆಯೂ ಇವೆ, ನಿಮಗೆ ಹತ್ತಿರದ್ದು ಯಾವುದೆಂದು ಈಗಲೇ ತಿರುಗಿ ನೋಡಿಕೊಳ್ಳಿ. ಲೈಫ್ ಜಾಕೆಟ್ ಸೀಟಿನ ಕೆಳಗಿದೆ, ವಿಮಾನದಿಂದ ಹೊರಬಂದ ಮೇಲೆಯೇ ಉಬ್ಬಿಸಿ. ಮುಖವಾಡ ಜೋತುಬಿದ್ದರೆ ಮೂಗು, ಬಾಯಿ ಎರಡನ್ನೂ ಮುಚ್ಚಿ. ಹೊರಗೆ ಹೋಗುವಾಗ ಬ್ಯಾಗು ಇಲ್ಲೇ ಬಿಡಿ.’ ನಿಧಾನವಾಗಿ ಓದಿದರೂ ಇದು ಅರ್ಧ ನಿಮಿಷ. ಒಂದು ತಿಂಡಿ ಮಾರಾಟದ ಘೋಷಣೆಯನ್ನು ಬಿಟ್ಟರೆ ಇಷ್ಟು ಜಾಗ ಸಿಗುತ್ತದೆ. ಸಿಬ್ಬಂದಿಗೆ ಕನ್ನಡ ಬಾರದು ಎಂಬುದೂ ಅಡ್ಡಿಯಾಗಬೇಕಿಲ್ಲ. ಮೊದಲೇ ಧ್ವನಿ ಮುದ್ರಿಸಿಟ್ಟ ಘೋಷಣೆಯನ್ನು ಹಾಕುವ ವ್ಯವಸ್ಥೆ ವಿಮಾನಗಳಿಗೆ ಹೊಸದಲ್ಲ. ಸ್ಪಷ್ಟ ಉಚ್ಚಾರದ ಒಬ್ಬರಿಂದ ಒಮ್ಮೆ ಓದಿಸಿ, ನಾಗರಿಕ ವಿಮಾನಯಾನ ನಿರ್ದೇಶನಾಲಯದಿಂದ ಒಪ್ಪಿಗೆ ಪಡೆದು ಇಟ್ಟುಕೊಂಡರೆ ವರ್ಷಗಟ್ಟಲೆ ನಡೆಯುತ್ತದೆ. ಗಡಿ ಜಿಲ್ಲೆಯಲ್ಲವೇ, ಮರಾಠಿಯವರು ಏನು ಮಾಡಬೇಕು ಎಂದು ಕೇಳುವವರಿದ್ದಾರೆ, ಅದು ನ್ಯಾಯವಾದ ಪ್ರಶ್ನೆ. ಹುಕ್ಕೇರಿ, ಸಂಕೇಶ್ವರದ ಕಡೆ ಎರಡೂ ಭಾಷೆ ಆಡುವವರು ಮನೆಮನೆಗೂ ಇದ್ದಾರೆ. ಮೈಕಿನಲ್ಲಿ ರಾಜ್ಯದ ಭಾಷೆ ಇರಲಿ, ಸೀಟಿನ ಮುಂದಿನ ಜೇಬಿನಲ್ಲಿಡುವ ಚಿತ್ರದ ಕಾರ್ಡಿನಲ್ಲಿ ಕನ್ನಡದ ಜತೆ ಮರಾಠಿಯೂ ಇರಲಿ. ಕಾರ್ಡಿನಲ್ಲಿ ಎಷ್ಟು ಭಾಷೆ ಅಚ್ಚಾದರೂ ಯಾರ ಕಿವಿಗೂ ಹೊರೆಯಾಗುವುದಿಲ್ಲ.

ಕಂಪನಿಗಳ ವಾದ ಬೇರೆ. ಟಿಕೆಟ್ ಅಗ್ಗ, ತಿಂಡಿ ಮಾರಾಟದಿಂದ ಬರುವ ಹಣ ನಮಗೆ ಬೇಕು, ಹೇಳದೆ ಮಾರುವುದು ಹೇಗೆ? ಅವರು ವ್ಯಾಪಾರ ಮಾಡುವುದರಲ್ಲಿ ತಪ್ಪಿಲ್ಲ. ಟ್ರಾಲಿ ಪಕ್ಕದಲ್ಲಿ ಬಂದು ನಿಂತಾಗ ಯಾರಿಗೂ ಅದು ಕಾಣದೆ ಇರುವುದಿಲ್ಲ, ಬೆಲೆಪಟ್ಟಿ ಸೀಟಿನ ಜೇಬಿನಲ್ಲೇ ಇರುತ್ತದೆ. ಮಾರಾಟಕ್ಕೆ ಕಣ್ಣಿನ ದಾರಿ ಸಾಕು. ಕಿವಿಯ ದಾರಿಯನ್ನು ಸುರಕ್ಷತೆಗೆ ಬಿಡಬೇಕು. ಕಣ್ಣು ಮುಚ್ಚಿಕೊಳ್ಳಬಹುದು, ಪುಟ ತಿರುವಬಹುದು. ಬೆಲ್ಟ್ ಬಿಗಿದು ಕೂತವನಿಗೆ ತಲೆಯ ಮೇಲಿನ ಸ್ಪೀಕರಿನಿಂದ ತಪ್ಪಿಸಿಕೊಳ್ಳುವ ಉಪಾಯವಿಲ್ಲ. ಪೂರ್ತಿ ಹಣ ಕೊಟ್ಟು ಕೂತ ಗ್ರಾಹಕನ ಈ ಅಸಹಾಯಕತೆಯನ್ನು ಜಾಹೀರಾತಿಗೆ ಬಳಸುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.

ಹಾಗಾದರೆ ಪೂರ್ತಿ ಮೌನವೇ ಇರಲಿ, ಎಲ್ಲವನ್ನೂ ಪರದೆಯಲ್ಲೋ ಮೊಬೈಲಿನಲ್ಲೋ ತೋರಿಸಲಿ ಎನ್ನುವವರ ಜತೆಗೂ ನನ್ನ ಒಪ್ಪಿಗೆಯಿಲ್ಲ. ದೊಡ್ಡ ನಿಲ್ದಾಣಗಳು ಈಗ ಆ ದಾರಿ ಹಿಡಿದಿವೆ. ದೆಹಲಿ 2017ರಲ್ಲಿ ವಿಮಾನ ಹತ್ತಲು ಕರೆಯುವ ಘೋಷಣೆಗಳನ್ನು ಕೈಬಿಟ್ಟಿತು, ಬೆಂಗಳೂರೂ ಅದೇ ಹಾದಿಯಲ್ಲಿದೆ. ಓದು ಬರುವವನಿಗೆ, ಕಣ್ಣು ಚೆನ್ನಾಗಿರುವವನಿಗೆ, ನಿಲ್ದಾಣ ಪರಿಚಯವಿರುವವನಿಗೆ ಅದು ಹಿತ. ಅಕ್ಷರ ಬಾರದ ಅಜ್ಜಿಗೆ, ಅಂಧರಿಗೆ, ಹತ್ತುವ ಹೊತ್ತಾದದ್ದು ತಿಳಿಯದೆ ಕೂತೇ ಇದ್ದುಬಿಡುವ ಮೊದಲ ಸಲದ ಪ್ರಯಾಣಿಕನಿಗೆ ಅದರಿಂದ ತೊಂದರೆಯೇ ಹೆಚ್ಚು. ಮೊದಲ ಸಲ ಹಾರುವವನಿಗೆ ಧ್ವನಿಯಲ್ಲಿ ಧೈರ್ಯವೂ ಇರುತ್ತದೆ. ಮೋಡದಲ್ಲಿ ವಿಮಾನ ಕುಲುಕಿದಾಗ ‘ಗಾಳಿಯ ಏರಿಳಿತ ಇದೆ, ಹೆದರಬೇಡಿ, ಬೆಲ್ಟ್ ಹಾಕಿಕೊಂಡು ಕೂತಿರಿ’ ಎಂದು ಪೈಲಟ್ ಹೇಳಿದರೆ ಕುರ್ಚಿಯ ಕೈ ಹಿಡಿದ ಮುಷ್ಟಿ ಸಡಿಲವಾಗುತ್ತದೆ. ಅಂಥ ಮಾತನ್ನು ಯಾರೂ ಕಡಿಮೆ ಮಾಡಬೇಕಿಲ್ಲ. ಅದು ಅವರಿಗೆ ತಿಳಿಯುವ ಭಾಷೆಯಲ್ಲಿ ಬರಬೇಕು, ಹದಿನೈದು ಬೇಡದ ಮಾತುಗಳ ನಡುವೆ ಕಳೆದುಹೋಗಬಾರದು.

ಇದನ್ನು ಸರಿಪಡಿಸಲು ಹೊಸ ಕಾನೂನು ಬೇಕಿಲ್ಲ. ನಾಗರಿಕ ವಿಮಾನಯಾನ ನಿರ್ದೇಶನಾಲಯ ಒಂದು ಸುತ್ತೋಲೆ ಹೊರಡಿಸಿದರೆ ಸಾಕು: ಸುರಕ್ಷತೆ, ವಿಳಂಬ, ಹವಾಮಾನ ಬಿಟ್ಟು ಉಳಿದ ಯಾವುದನ್ನೂ ಧ್ವನಿವರ್ಧಕದಲ್ಲಿ ಹೇಳಬಾರದು, ಹೊರಡುವ ಅಥವಾ ತಲುಪುವ ರಾಜ್ಯದ ಭಾಷೆಯಲ್ಲಿ ಸುರಕ್ಷತಾ ಸೂಚನೆ ಕಡ್ಡಾಯವಾಗಿ ಇರಬೇಕು. ಸಾಂಬ್ರಾದಲ್ಲಿ 2024ರ ಮಾರ್ಚ್‌ನಲ್ಲಿ ಇನ್ನೂ ದೊಡ್ಡ ಟರ್ಮಿನಲ್ಲಿಗೆ ಅಡಿಗಲ್ಲು ಬಿದ್ದಿದೆ. ಅದು ಮುಗಿದ ಮೇಲೆ ಈ ತಾಲ್ಲೂಕುಗಳಿಂದ ಮೊದಲ ಸಲ ಹಾರುವವರ ಸಂಖ್ಯೆ ಮತ್ತೂ ಹೆಚ್ಚುತ್ತದೆ. ನಮ್ಮ ಸಂಸದರು, ಶಾಸಕರು ಹೊಸ ವಿಮಾನ, ಹೊಸ ಮಾರ್ಗ ಕೇಳುವಾಗ ಈ ಬೇಡಿಕೆಯನ್ನೂ ಜತೆಗೆ ಇಡಲಿ. ಓದುಗರೂ ಸುಮ್ಮನಿರಬೇಕಿಲ್ಲ. ಕೇಂದ್ರ ಸರ್ಕಾರದ ಏರ್‌ಸೇವಾ ಪೋರ್ಟಲ್‌ನಲ್ಲಿ ಪ್ರಯಾಣಿಕರು ದೂರು, ಸಲಹೆ ಬರೆಯಬಹುದು. ಮುಂದಿನ ಸಲ ಸಾಂಬ್ರಾದಿಂದ ಹಾರಿ ಬಂದ ಮೇಲೆ, ಸುರಕ್ಷತಾ ಸೂಚನೆ ಕನ್ನಡದಲ್ಲಿ ಬರಲಿಲ್ಲವೆಂದಾದರೆ, ವಿಮಾನದ ಸಂಖ್ಯೆ, ದಿನಾಂಕ ಹಾಕಿ ಎರಡು ಸಾಲು ಅಲ್ಲಿ ಬರೆಯಿರಿ.